ಅತ್ತೆಯ ಜಪದಲ್ಲಿದ್ದ ನೀರು

ಆ ಭಾನುವಾರವೂ ನಮ್ಮ ಬೆಳಗು ಪಕ್ಕದ ಮನೆಯ ಮಗ್ಗದ ಸದ್ದಿನಿಂದಲೇ ಶುರುವಾಯಿತು. ಕೊಳ್ಳೇಗಾಲದ ರೇಷ್ಮೆ ನೇಕಾರರ ಬೀದಿಯಲ್ಲಿ ಕೋಳಿಗಿಂತ ಮೊದಲು ಲಾಳಿ ಎದ್ದುಬಿಡುತ್ತಿತ್ತು. ನಾನು ಒಲೆಯ ಬೂದಿ ಬಳಿದು, ಹೊಸಿಲು ತೊಳೆದು, ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆದೆ. ನಮ್ಮ ಕ್ರೈಸ್ತರ ಮನೆಗಳಲ್ಲೂ ರಂಗೋಲಿ ಇತ್ತು. ಎಳೆಗಳ ನಡುವೆ ಒಂದು ಶಿಲುಬೆ ಕೂರಿಸಿದರೆ ಅದು ನಮ್ಮದಾಗುತ್ತಿತ್ತು, ಅಷ್ಟೇ ವ್ಯತ್ಯಾಸ. ಕಾಫಿಗೆ ಒಲೆ ಹಚ್ಚಲಿಲ್ಲ. ಗುಡಿಯಲ್ಲಿ, ಎಂದರೆ ನಮ್ಮ ಚರ್ಚಿನಲ್ಲಿ, ಪೂಜೆ ಮುಗಿದು ಸತ್ಪ್ರಸಾದ ತೆಗೆದುಕೊಳ್ಳುವವರೆಗೆ ಹನಿ ನೀರೂ ನಾಲಿಗೆಗೆ ತಾಕಬಾರದು ಎನ್ನುವ ಕಾಲ ಅದು.

ಅತ್ತೆ ನನಗಿಂತ ಮುಂಚೆ ಎದ್ದಿದ್ದರು. ನಡುಮನೆಯಲ್ಲಿ ಕೂತು ಮಗುವಿಗೆ ಹೊದಿಸಬೇಕಾದ ಬಿಳಿ ಬಟ್ಟೆಯನ್ನು ಮಡಿಸುತ್ತಿದ್ದರು, ಬಿಡಿಸುತ್ತಿದ್ದರು, ಮತ್ತೆ ಮಡಿಸುತ್ತಿದ್ದರು. ಅದರ ಅಂಚನ್ನು ಬಾಣಂತನದಲ್ಲಿ ನಾನೇ ಹೊಲಿದಿದ್ದೆ, ಕಾನ್ವೆಂಟಿನಲ್ಲಿ ಕಲಿತ ಸಣ್ಣ ಹೊಲಿಗೆ.

"ಅತ್ತೆಮ್ಮ, ಆ ಬಟ್ಟೆ ಸವೆದೇ ಹೋಗುತ್ತೆ," ಎಂದೆ.

"ಸವೀಲಿ ಬುಡು. ಕೈ ಸುಮ್ಕಿರಕ್ಕಿಲ್ಲ ಅಂತದೆ."

ಅಂದು ಸಂಜೆ ನಾಲ್ಕಕ್ಕೆ ನನ್ನ ಕೂಸಿಗೆ ತಲೆಗೆ ನೀರು ಹೊಯ್ದು ಧರ್ಮಕ್ಕೆ ಸೇರಿಸಿಕೊಳ್ಳುವ ಜ್ಞಾನಸ್ನಾನ. ಗುಡಿಯಲ್ಲಿ ಮಗುವನ್ನು ಎತ್ತಿ ಹಿಡಿದು, ಅದರ ಪರವಾಗಿ ದೇವರಿಗೆ ಮಾತು ಕೊಡುವವಳು ಜ್ಞಾನತಾಯಿ. ಹೆತ್ತವಳ ನಂತರ ಆ ಮಗುವಿನ ಮೇಲೆ ಹಕ್ಕಿರುವವಳು ಅವಳೇ. ಆ ಜಾಗಕ್ಕೆ ನಾನು ಅತ್ತೆಯನ್ನು ಕರೆದಿದ್ದೆ. ಇದೇನು ದೊಡ್ಡ ಮಾತು ಎಂದು ಈಗಿನವರು ಕೇಳಬಹುದು. ಅತ್ತೆಯ ಗಂಡ ತೀರಿಕೊಂಡಾಗ ನನ್ನವರು ಇನ್ನೂ ತೊಟ್ಟಿಲಲ್ಲಿದ್ದರಂತೆ. ಗಂಡನಿಲ್ಲದವಳು ಶುಭಕ್ಕೆ ಮುಂದೆ ನಿಲ್ಲಬಾರದು ಎಂದು ನಮ್ಮ ಧರ್ಮದಲ್ಲಿ ಎಲ್ಲೂ ಇಲ್ಲ. ಆದರೆ ನಮ್ಮ ಜನ ಊರಿನ ರೀತಿಯನ್ನು ಚಪ್ಪಲಿಯಂತೆ ಗುಡಿಯ ಹೊರಗೆ ಬಿಟ್ಟು ಬಂದವರಲ್ಲ. ಸತ್ತವರ ಮನೆಯಲ್ಲಿ ರಾತ್ರಿಯಿಡೀ ಜಪ ಹೇಳಿಸಲು ಅತ್ತೆ ಬೇಕು, ಹೆಣದ ಮೈ ತೊಳೆಯಲು ಅತ್ತೆ ಬೇಕು. ಮಗುವನ್ನು ಎತ್ತಿ ಹಿಡಿಯಲು ಮಾತ್ರ ಗುಡಿಯಲ್ಲಿ ಧರ್ಮಪಾಠ ಹೇಳುವ ಉಪದೇಶಿಯ ಹೆಂಡತಿ ಬರುತ್ತಿದ್ದಳು. ಊರಿನ ಅರ್ಧ ಮಕ್ಕಳಿಗೆ ಅವಳೇ ಜ್ಞಾನತಾಯಿ. ಅತ್ತೆಗೆ ಒಂದೂ ಜ್ಞಾನಮಗು ಇರಲಿಲ್ಲ.

ಮಗು ಹುಟ್ಟಿದ ವಾರ ನನ್ನವರು, "ಯಾರನ್ನ ನಿಲ್ಲಿಸೋಣ?" ಎಂದು ಕೇಳಿದಾಗ ನಾನು ಅತ್ತೆಯ ಕಡೆ ನೋಡಿ, "ನೀವೇ ನಿಲ್ಲಿ ಅತ್ತೆಮ್ಮ," ಎಂದಿದ್ದೆ. ಅವರು ಹಿಂದಕ್ಕೆ ತಿರುಗಿ ನೋಡಿದರು. ಬಾಗಿಲಲ್ಲಿ ಇನ್ಯಾರೋ ಬಂದು ನಿಂತಿದ್ದಾರೆ, ಅವರಿಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದರು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಇಲ್ಲಿ ನಮ್ಮ ಮನೆಯ ಸಂಜೆಯ ಜಪದ ವಿಷಯ ಹೇಳಬೇಕು. ನಾನು ಯಳಂದೂರಿನವಳು. ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಕೊಳ್ಳೇಗಾಲ. ಆದರೆ ಅದು ಮೈಸೂರು ಸೀಮೆ, ಇದು ಆಗಿನ್ನೂ ಮದ್ರಾಸಿಗೆ ಸೇರಿದ್ದು. ತವರಿನಲ್ಲಿ ಜಪವೆಲ್ಲ ಕನ್ನಡದಲ್ಲಿ. ಮದುವೆಯಾಗಿ ಬಂದ ಮೊದಲ ಸಂಜೆ ದೇವಮಾತೆಯ ಪಟದ ಮುಂದೆ ಕೂತರೆ ಅತ್ತೆ ತಮಿಳಿನಲ್ಲಿ ಶುರು ಮಾಡಿದರು. ಅತ್ತೆ ಅಜ್ಜೀಪುರದ ಕಡೆಯ ಒಕ್ಕಲಿನ ಮನೆಯವರು. ಸಂತೆಯಲ್ಲಿ ಬೆಲೆ ಕೇಳುವಷ್ಟು ತಮಿಳೂ ಅವರಿಗೆ ಬರುತ್ತಿರಲಿಲ್ಲ. ಗುಡಿಯನ್ನು ನಡೆಸಿಕೊಂಡು ಬಂದಿದ್ದ ಹೊರದೇಶದ ಗಡ್ಡದ ಸ್ವಾಮಿಗಳು ಘಟ್ಟದ ಕೆಳಗೆ ತಮಿಳು ಕಲಿತು ಬಂದವರು. ಅವರು ಹೇಳಿಕೊಟ್ಟದ್ದನ್ನು ಅತ್ತೆಯ ತಾಯಿ ಕಲಿತರು, ಅತ್ತೆ ಕಲಿತರು. ಅರ್ಥ ಕೇಳುವ ರೂಢಿ ಇರಲಿಲ್ಲ.

ಮಾತೆಯ ಜಪದಲ್ಲಿ, ಹೆಂಗಸರಲ್ಲೆಲ್ಲ ಆಶೀರ್ವಾದ ಪಡೆದವಳು ನೀವೇ ಎಂಬ ಮಾತು ಬರುತ್ತದೆ. ಅತ್ತೆಯ ಬಾಯಲ್ಲಿ ಅದು "ಪೆಂಗಳುಕುಳ್ಳೆ ಆಸೀರ್ವಾದಪಟ್ಟವ ನೀರೇ" ಎಂದಾಗಿತ್ತು. ತಮಿಳಿನ ಆ "ನೀರೇ" ಎಂದರೆ "ನೀವೇ" ಎಂದು ಅರ್ಥ. ಬೀದಿಯಲ್ಲಿ ಯಾವ ತಮಿಳರೂ ಹಾಗೆ ಅನ್ನುವುದಿಲ್ಲ, ಅದು ಹಳೆಯ ಜಪದ ಮಾತು. ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು ತಮಿಳಿನವಳಾದ್ದರಿಂದ ನನಗೆ ಗೊತ್ತಿತ್ತು. ಅತ್ತೆಗೆ ಮಾತ್ರ ಅದು ಕನ್ನಡದ ನೀರು. ಜಪದಲ್ಲಿ ಅವರಿಗೆ ಪೂರ್ತಿ ಅರ್ಥವಾಗುತ್ತಿದ್ದ ಮಾತು ಅದೊಂದೇ. ಆದ್ದರಿಂದ ಅಲ್ಲಿಗೆ ಬಂದಾಗ ಅವರ ದನಿ ಏರುತ್ತಿತ್ತು. ಜಪಸರ ಮುಗಿಯುವಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಸಲ, ಬೀದಿಯ ಆ ಕೊನೆಗೂ ಕೇಳುವ ಹಾಗೆ, "ನೀರೇ!"

ಮಾತೆ ಇಷ್ಟು ಸಲ ನೀರು ಎಂದ ಮೇಲೆ ಸುಮ್ಮನಿರುವುದು ಹೇಗೆ? ಪಟದ ಮುಂದೆ ಒಂದು ಚೆಂಬು ನೀರು ಇಡುತ್ತಿದ್ದರು. ಜಪ ಮುಗಿದ ಮೇಲೆ ಅದನ್ನು ಹೊರಗೆ ಜಗುಲಿಯ ಮೂಲೆಯಲ್ಲಿದ್ದ ದೊಡ್ಡ ಗುಡಾಣಕ್ಕೆ ಸುರಿಯುತ್ತಿದ್ದರು. ಆ ಗುಡಾಣ ದಾರಿಹೋಕರಿಗೆ. ಬಂಡಳ್ಳಿಯಿಂದ, ರಾಮಾಪುರದಿಂದ ಸಂತೆಗೆ ಬಂದವರು, ರೇಷ್ಮೆಗೂಡಿನ ಮೂಟೆ ಹೊತ್ತವರು, ಕೋರ್ಟಿಗೆ ಅಲೆಯುವವರು ಕರಟದ ಸೌಟಿನಲ್ಲಿ ಮೊಗೆದು ಕುಡಿದು, "ಈ ಬೀದಿಲೇ ಇಂತಾ ಸೀ ನೀರಿಲ್ಲ ಕಣವ್ವ," ಎಂದು ಹೇಳಿ ಹೋಗುತ್ತಿದ್ದರು. ಅದು ನಿಜ. ನಮ್ಮ ಬೀದಿಯ ಬಾವಿಯ ನೀರು ಸವಳು, ಬೇಳೆ ಬೇಯುತ್ತಿರಲಿಲ್ಲ. ಸಿಹಿನೀರಿದ್ದದ್ದು ಪಕ್ಕದ ನೇಕಾರರ ಹಿತ್ತಿಲ ಬಾವಿಯಲ್ಲಿ, ಆ ಬಾವಿಗೆ ನಮ್ಮ ಹಗ್ಗ ಇಳಿಯುವಂತಿರಲಿಲ್ಲ. "ಜಪದ್ ಪುಣ್ಯ, ಅದ್ಕೇ ಸೀ ಆಯ್ತದೆ," ಎನ್ನುತ್ತಿದ್ದರು ಅತ್ತೆ. ಆ ಗುಡಾಣ ತಳ ಕಂಡದ್ದನ್ನು ನಾನು ನೋಡಿಲ್ಲ. ಅತ್ತೆ ತುಂಬಿಸುತ್ತಾರೆಂದು ನಾನು ಅದರ ತಂಟೆಗೆ ಹೋಗಿರಲಿಲ್ಲ. ಅರ್ಥ ತಿದ್ದುವ ತಂಟೆಗೂ ಹೋಗಿರಲಿಲ್ಲ. ಜನ ನೀರು ಕುಡಿಯುತ್ತಿದ್ದರು, ಅತ್ತೆ ಸಂತೋಷವಾಗಿದ್ದರು.

ಈಗ ಗಡ್ಡದ ಸ್ವಾಮಿಗಳು ಹೋಗಿಬಿಟ್ಟಿದ್ದರು. ವಯಸ್ಸಾಗಿತ್ತು, ಅವರ ಸನ್ಯಾಸಿ ಸಭೆಯವರು ಒಬ್ಬೊಬ್ಬರಾಗಿ ಘಟ್ಟ ಇಳಿಯುತ್ತಿದ್ದರು. ಅವರ ಜಾಗಕ್ಕೆ ಬಂದವರು ಮೀಸೆ ಗಡ್ಡ ಎರಡೂ ಇಲ್ಲದ, ಸೈಕಲ್ ಹತ್ತುವ, ಕರಾವಳಿಯ ಕಡೆಯ ಕನ್ನಡದ ಗುರುಗಳು. ಬಂದ ಮೊದಲ ಭಾನುವಾರವೇ, "ಇನ್ನು ಜಪ ಕನ್ನಡದಲ್ಲಿ," ಎಂದರು. ಘಟ್ಟದ ಕೆಳಗಿನಿಂದ ಬಂದು ನೆಲೆಸಿದ್ದ ಮನೆಗಳವರು ಮುಂದೆ ಕೂತಿದ್ದರು, ಅವರು ತಮಿಳಿನಲ್ಲೇ ಉತ್ತರ ಹೇಳಿದರು. ಹನೂರಿನ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು ಹಿಂದೆ, ಅವರು ಕನ್ನಡದಲ್ಲಿ. ಯಾರ ಜಪ ಮೊದಲು ಮುಗಿಯುತ್ತದೋ ಎಂದು ಪಂದ್ಯ ಕಟ್ಟಿದ ಹಾಗೆ ಎರಡು ಕಡೆಯವರೂ ಕೂಗಿದರು. ಆಗ ಕೊಳ್ಳೇಗಾಲ ಮೈಸೂರಿಗೆ ಸೇರುತ್ತದೆ, ಸೇರುವುದಿಲ್ಲ ಎಂಬ ಮಾತು ಎಲ್ಲ ಕಟ್ಟೆಗಳಲ್ಲೂ ನಡೆಯುತ್ತಿತ್ತು. ರೇಷ್ಮೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ನನ್ನವರು ಮನೆಗೆ ಬಂದು, "ಊರಿಗಿಂತ ಮುಂಚೆ ನಮ್ಮ ಜಪ ಮೈಸೂರಿಗೆ ಸೇರಿಬಿಡ್ತು ನೋಡು," ಎಂದು ನಕ್ಕಿದ್ದರು.

ಹೊಸ ಗುರುಗಳದು ಇನ್ನೊಂದು ಕಟ್ಟಳೆ. ಜ್ಞಾನತಾಯಿ, ಜ್ಞಾನತಂದೆಯಾಗುವವರು ಮೊದಲು ಅವರ ಮುಂದೆ ಜಪ ಒಪ್ಪಿಸಬೇಕು, ಅರ್ಥವನ್ನೂ ಹೇಳಬೇಕು. ನನ್ನ ಚಿಕ್ಕಪ್ಪ ಜ್ಞಾನತಂದೆ, ಅವರು ಯಳಂದೂರಿನಿಂದ ಬಂದವರು, ಕನ್ನಡದ ಜಪದವರು. ಅವರ ಬಗ್ಗೆ ಹೆದರಿಕೆ ಇರಲಿಲ್ಲ.

ಪೂಜೆ ಮುಗಿದ ಮೇಲೆ ಕಾನ್ವೆಂಟಿನ ಜಗುಲಿಯಲ್ಲಿ ಗುರುಗಳು ಕುರ್ಚಿ ಹಾಕಿ ಕೂತರು. ಪಕ್ಕದಲ್ಲಿ ಕಾನ್ವೆಂಟಿನ ಹಿರಿಯ ಸನ್ಯಾಸಿನಿ, ಮದರ್. ಮದರ್ ಬಿಳಿಯವರು. ಗಡ್ಡದ ಸ್ವಾಮಿಗಳ ಸಭೆ ಹೋದರೂ ಈ ಅಮ್ಮನವರ ಸಭೆ ಉಳಿದಿತ್ತು, ಶಾಲೆ ಮತ್ತು ಔಷಧದ ಕೋಣೆ ನಡೆಸಲು. ಚಿಕ್ಕಪ್ಪ ಗಡಗಡ ಒಪ್ಪಿಸಿ ಪಾರಾದರು. ಮುಂದೆ ಅತ್ತೆ. ಸೆರಗು ಎಳೆದುಕೊಂಡು, ಕೈ ಮುಗಿದುಕೊಂಡು ನಿಂತರು.

"ಮಾತೆಯ ಜಪ ಬಾಯಿಪಾಠ ಉಂಟಾ ಅಮ್ಮ?" ಎಂದರು ಗುರುಗಳು.

ಅತ್ತೆಗೆ ಕೇಳಿಸಿದ್ದೇ ಬೇರೆ. "ಇನ್ನೂ ಉಂಡಿಲ್ಲ ಸ್ವಾಮಿ. ಪೂಜೆಗ್ ಮುಂಚೆ ಯಾರಾರ ಉಣ್ತಾರಾ?"

ಗುರುಗಳು ಮದರ್ ಕಡೆ ನೋಡಿದರು. ಮದರ್ ನನ್ನ ಕಡೆ ನೋಡಿದರು. "ಊಟ ಅಲ್ಲ ಅತ್ತೆಮ್ಮ, ಜಪ ಬರುತ್ತಾ ಅಂತ ಕೇಳ್ತಿದಾರೆ," ಎಂದೆ.

"ಅಯ್, ಬರ್ದೇ ಏನು!" ಎಂದು ಅತ್ತೆ ಕಣ್ಣು ಮುಚ್ಚಿ ಒಂದೇ ಉಸಿರಿನಲ್ಲಿ ಹೇಳಿದರು. ನೀರೇ ಎಂಬಲ್ಲಿ ಎಂದಿನಂತೆ ದನಿ ಏರಿತು. ಕಾನ್ವೆಂಟಿನ ಮಾವಿನ ಮರದಲ್ಲಿದ್ದ ಕಾಗೆ ಹಾರಿಹೋಯಿತು.

"ತಮಿಳಾದರೂ ಪರವಾಗಿಲ್ಲ. ಅರ್ಥ ಎಂತ, ಅದನ್ನು ಹೇಳಿ."

ಅತ್ತೆ ಅನುಮಾನವೇ ಇಲ್ಲದೆ, "ಎಂಗಸ್ರಿಗೆ ಆಸೀರ್ವಾದ ಸಿಕ್ಕಾದು ನೀರಿಂದ್ಲೇಯ ಸ್ವಾಮಿ. ಅದೇ ಅರ್ತ," ಎಂದರು.

ಗುರುಗಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತೇನೋ. ಸಣ್ಣ ವಯಸ್ಸು, ಹೊಸ ಊರು. ಮೊದಲ ಸಲ ಬಿಟ್ಟುಕೊಟ್ಟರೆ ಮುಂದೆ ಯಾರೂ ಮಾತು ಕೇಳುವುದಿಲ್ಲ ಎಂಬ ಭಯ ಅವರ ಮುಖದಲ್ಲಿ ನನಗೆ ಕಂಡಿತು. "ನೀರಲ್ಲ ಅಮ್ಮ, ಹಾಗಲ್ಲ. ಮಗುವಿಗೆ ಧರ್ಮ ಕಲಿಸಬೇಕಾದವರು ನೀವು. ನಿಮಗೇ ಗೊತ್ತಿಲ್ಲದ್ದನ್ನು ಎಂತ ಕಲಿಸ್ತೀರಿ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಈ ಒಂದು ಜಪ ನಾಲ್ಕು ಗಂಟೆಯೊಳಗೆ ಕನ್ನಡದಲ್ಲಿ ಅರ್ಥ ಸಹಿತ ಕಲಿತು ಬರಲಿ. ಇಲ್ಲದಿದ್ದರೆ ಉಪದೇಶಿಯ ಹೆಂಡತಿ ನಿಲ್ಲಲಿ. ಮಗುವಿಗೆ ಜ್ಞಾನಸ್ನಾನ ಆಗಲೇ ತಡ ಆಗಿದೆ, ಇನ್ನು ಮುಂದಕ್ಕೆ ಹಾಕುವುದು ಬೇಡ," ಎಂದರು.

"ಕಲಿತು ಬರ್ತಾರೆ ಗುರುಗಳೇ," ಎಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನನಗೇ ಹೊಸದು. ಆದರೆ ಒಳಗೆ ಅಳುಕಿರಲಿಲ್ಲ. ಐವತ್ತು ಕೂಲಿಗಳಿಗೆ ಒಬ್ಬರೇ ಮುದ್ದೆ ತೊಳಸಿದ ಹೆಂಗಸಿಗೆ ನಾಲ್ಕು ಸಾಲು ಬಾರದೇ ಹೋಗುತ್ತದೆಯೇ?

ಹೊರಡುವಾಗ ಮದರ್ ಅತ್ತೆಯ ಕೈ ಹಿಡಿದುಕೊಂಡು ತಮ್ಮ ಬೆರಕೆ ಭಾಷೆಯಲ್ಲಿ, "ಅಳಬೇಡ ಪಾಟಿ. ನಾನ್ ಕೂಡ ಇನಿಮೇಲೆ ಕನ್ನಡ ಪಡಿಕ್ಕಣುಂ," ಎಂದರು. ಇನ್ನು ಮೇಲೆ ನಾನೂ ಕನ್ನಡ ಕಲಿಯಬೇಕು ಅಜ್ಜಿ, ಎಂದು. ಇಷ್ಟು ವರ್ಷ ತಮಿಳು ಕಲಿತು ಈಗ ಮತ್ತೆ ಅ ಆ ಇ ಈ ಬರೆಯಬೇಕಾಗಿತ್ತು ಅವರು. ಅತ್ತೆಗೆ ಅರ್ಥವಾಗಲಿಲ್ಲ, ಕೈ ಹಿಡಿದದ್ದು ಅರ್ಥವಾಯಿತು.

ಮನೆಗೆ ಬಂದವರೇ ಅತ್ತೆ ಆ ಬಿಳಿ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಉಪದೇಸಿ ಎಂಡ್ರಿಗೇ ಕೊಟ್ಬುಡು ಮಗ," ಎಂದರು.

"ಯಾಕೆ?"

"ಅವಳ್ ಕೈಲಿ ಮಕ್ಳು ಎತ್ತಿ ಪಳಗದೆ. ನಂಗ್ಯಾಕ್ ಬುಡು ಈ ವಯಸ್ಸಲ್ಲಿ."

ನಾನು ಬಟ್ಟೆಯನ್ನು ಗೂಡಿನಲ್ಲಿಟ್ಟು, ಅವರ ಮುಂದೆ ಅವರೆಕಾಯಿ ಮೊರ ಇಟ್ಟು, ನಾನೂ ಕೂತೆ. ನಮ್ಮ ಮನೆಯಲ್ಲಿ ಯಾವ ಮಾತೇ ಆಗಲಿ, ಕೈಗೆ ಕೆಲಸ ಕೊಡದೆ ಅತ್ತೆಯ ಹತ್ತಿರ ಆಡಲಾಗುತ್ತಿರಲಿಲ್ಲ. ಕಾಯಿ ಸುಲಿಯುತ್ತಾ ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ. ಇದು ವಂದನೆ. ಇದು ಕೃಪೆ. ದೇವರು ನಿಮ್ಮ ಜೊತೆ ಇದ್ದಾನೆ ಎಂದು ಇದರ ಅರ್ಥ. ತಲೆ ತಗ್ಗಿಸಿಕೊಂಡೇ ಕೇಳಿದರು. ಆ ಮಾತಿಗೆ ಬಂದಾಗ, "ಅತ್ತೆಮ್ಮ, ತಮಿಳಿನ ನೀರೇ ಅಂದ್ರೆ ನಮ್ಮ ನೀವೇ," ಎಂದೆ.

ಅವರ ಕೈ ನಿಂತಿತು. "ನೀರಲ್ವಾ?"

"ಅಲ್ಲ."

"ಒಂಚೂರೂ ಅಲ್ವಾ?"

"ಅಲ್ಲ ಅತ್ತೆಮ್ಮ."

"ಅಂಗಾರೆ ಇಷ್ಟ್ ವರ್ಸ ನಾನ್ ನೀರ್ ಕೊಟ್ಟಿದ್ದೆಲ್ಲ ದಂಡವಾ?"

"ಕುಡಿದವರಿಗೆ ಬಾಯಾರಿಕೆ ಹೋಗಲಿಲ್ಲವಾ?"

"ಓಯ್ತು."

"ಮತ್ತೆ?"

ಅವರ ಕೈ ಮತ್ತೆ ಕಾಯಿಯ ಮೇಲೆ ಹೋಯಿತು. ಅಷ್ಟಕ್ಕೇ ಗೆದ್ದೆ ಎಂದುಕೊಂಡೆ. ಗೆದ್ದಿರಲಿಲ್ಲ. ಉಳಿದ ಸಾಲುಗಳು ಬೇಗ ಬಂದವು. ಆ ಒಂದು ಮಾತು ಮಾತ್ರ ಬರಲೊಲ್ಲದು.

"ಎಲ್ಲಿ, ಇನ್ನೊಂದು ಸಲ."

"ಸ್ತ್ರೀಯರಲ್ಲಿ ಧನ್ಯರು ನೀರೇ."

"ನೀವೇ."

"ಅದೇ ಅಂದೆ ಕಣ್ ಮಗ."

"ನೀರೇ ಅಂದ್ರಿ."

"ನಾಲ್ಗೆ ನನ್ ಮಾತ್ ಕೇಳ್ತದಾ? ಸಂಜೆ ಆಯ್ತಲೂವೆ ಎತ್ತು ಕೊಟ್ಗೆಗೇ ಓದಂಗೆ ಓಯ್ತದೆ."

ಒಳಗೆ ತೊಟ್ಟಿಲು ತೂಗುತ್ತಿದ್ದ ನನ್ನವರು, "ಅವ್ವಾ, ವಕಾರ ಹೇಳವ್ವ, ವಕಾರ. ರೇಫ ಬೇಡ," ಎಂದರು.

"ನೀನ್ ತೂಗ್ಲಾ ಸುಮ್ಕೆ! ವಕಾರ ಅಂತೆ. ಇವ್ನ್ ವಕಾರ ಕಲ್ಯಕ್ಕೆ ನಾನು ಎಷ್ಟ್ ಮೂಟೆ ರಾಗಿ ಬೀಸಿವ್ನಿ," ಎಂದರು ಅತ್ತೆ. ಮೂವರೂ ನಕ್ಕೆವು. ನಗು ಮುಗಿದ ಮೇಲೆ ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ ಮೆಲ್ಲಗೆ ಹೇಳಿದರು. "ಅದಲ್ಲ ಕಣ್ ಮಗ. ನೀವೇ, ನೀವೇ ಅಂತ ನಾನ್ಯಾವತ್ತು ಯಾರ್ಗಂದಿವ್ನಿ? ನಂಗಾರ ಯಾರಂದವ್ರೆ? ಬಾಯ್ಗೇ ಬತ್ತಿಲ್ಲ."

ನನಗೆ ಆ ದಿನ ನೆನಪಾಯಿತು. "ನಾನು ಅಂದಿದೀನಿ," ಎಂದೆ. "ಮಗೂನ ಯಾರೆತ್ತಿ ಹಿಡೀಬೇಕು ಅಂತ ಅವರು ಕೇಳಿದಾಗ ನಾನೇನಂದೆ? ನೀವು ಹಿಂದಕ್ಕೆ ತಿರುಗಿ ನೋಡಿದ್ರಿ."

ಅತ್ತೆ ನನ್ನ ಮುಖವನ್ನೇ ನೋಡಿದರು. ತುಟಿ ಅಲ್ಲಾಡಿತು. "ನೀವೇ," ಎಂದರು. ಆಮೇಲೆ ಇನ್ನೊಂದು ಸಲ, ಉಪ್ಪು ಸರಿಯಾಗಿದೆಯೇ ಎಂದು ಸಾರಿನ ರುಚಿ ನೋಡುವವರ ಹಾಗೆ, "ನೀವೇ."

ಗೂಡಿನಲ್ಲಿದ್ದ ಬಿಳಿ ಬಟ್ಟೆಯನ್ನು ತಾವೇ ಎದ್ದು ತೆಗೆದುಕೊಂಡರು.

ನಾಲ್ಕು ಗಂಟೆಗೆ ಗುಡಿಯ ಬಾಗಿಲ ಹತ್ತಿರ, ಜ್ಞಾನಸ್ನಾನದ ತೊಟ್ಟಿಯ ಮುಂದೆ ನಿಂತೆವು. ಉಪದೇಶಿಯ ಹೆಂಡತಿಯೂ ಬಂದಿದ್ದಳು, ಒಳ್ಳೆಯ ಸೀರೆ ಉಟ್ಟು, ಯಾವುದಕ್ಕೂ ಇರಲಿ ಎಂದು. ಹನೂರಿನ ಕಡೆಯ ನಾಲ್ಕಾರು ಹೆಂಗಸರು ಗಾಡಿ ಹೂಡುವ ಮೊದಲು ನೋಡಿಕೊಂಡು ಹೋಗೋಣವೆಂದು ನಿಂತಿದ್ದರು. ಗಂಡನಿಲ್ಲದವಳು ಎತ್ತಿಕೊಳ್ಳುತ್ತಾಳೆ ಎಂಬ ಸುದ್ದಿ ಅವರಿಗೆ ಮುಟ್ಟಿತ್ತು. ಅವರಲ್ಲೊಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ನನಗೆ ಕೇಳಿಸಿತು, ಅತ್ತೆಗೂ ಕೇಳಿಸಿರಬೇಕು. ಅವರು ತೊಟ್ಟಿಯ ಅಂಚನ್ನೇ ನೋಡುತ್ತಿದ್ದರು.

ಗುರುಗಳು, "ಹೇಳಿ ಅಮ್ಮ," ಎಂದರು.

ಅತ್ತೆ ಈ ಸಲ ಕಣ್ಣು ಮುಚ್ಚಲಿಲ್ಲ. ಒಂದೊಂದು ಮಾತನ್ನೂ ಬಾವಿಯ ಮೆಟ್ಟಿಲು ಇಳಿಯುವ ಹಾಗೆ ಕಾಲಿಟ್ಟು ನೋಡಿ ಇಳಿದರು. ಮದರ್ ಪಕ್ಕದಲ್ಲಿ ನಿಂತು ತುಟಿಯಲ್ಲೇ ಜೊತೆಗೂಡಿದರು. "ಸ್ತ್ರೀಯರಲ್ಲಿ ಧನ್ಯರು..." ಅಲ್ಲಿ ನಿಂತರು. ಮದರ್ ತುಟಿಯೂ ನಿಂತಿತು. ಅತ್ತೆ ಒಮ್ಮೆ ನನ್ನ ಕಡೆ ನೋಡಿ, "ನೀವೇ," ಎಂದರು. ದನಿ ಏರಿಸಲಿಲ್ಲ.

"ಅರ್ಥ?" ಎಂದರು ಗುರುಗಳು.

"ತುಂಬಾ ಜನ ಎಂಗಸ್ರು ನಿಂತವ್ರೆ ಸ್ವಾಮಿ," ಎಂದು ಅತ್ತೆ ಶುರು ಮಾಡಿದರು. ನಾನು ಕಲಿಸಿದ್ದು ಹಾಗಿರಲಿಲ್ಲ. "ಅವ್ರಲ್ಲಿ ಒಬ್ಬಳ್ ಕಡೆ ಕೈ ತೋರ್ಸಿ, ನೀವೇ ಬನ್ನಿ ಅಂತ ಕರೆಯಾದು. ಆಯಮ್ಮ ಇಂದ್ಕೆ ತಿರುಗಿ ನೋಡ್ತಾಳೆ, ಇನ್ಯಾರ್ನೋ ಕರೀತಾವ್ರೆ ಅಂದ್ಕಂಡು. ಇಲ್ಲ ಕಣವ್ವ, ನೀವೇಯ ಅಂತ ಇನ್ನೊಂದ್ ಸಲ ಏಳ್ಬೇಕು. ಅದ್ಕೇ ನಾವು ದಿನಾ ಅಷ್ಟ್ ಸಲ ಏಳಾದು."

ಪಿಸುಗುಟ್ಟುತ್ತಿದ್ದವಳು ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಗುರುಗಳು ಪುಸ್ತಕವನ್ನು ಬಿಡಿಸಲು ಹೋದವರು ಬಿಡಿಸದೆ ನಿಂತರು. ಅವರ ಹಣೆಯ ಮೇಲಿನ ಗಂಟು ಮೊದಲ ಸಲ ಸಡಿಲವಾದದ್ದು ನನಗೆ ಕಂಡಿತು. "ಮಗುವನ್ನು ಎತ್ತಿಕೊಳ್ಳಿ ಅಮ್ಮ," ಎಂದರು. ಸ್ವಲ್ಪ ತಡೆದು, "ನೀವೇ," ಎಂದರು.

ಅತ್ತೆ ಎತ್ತಿಕೊಂಡರು. ಸೊಂಟದಲ್ಲಿ ಮಕ್ಕಳನ್ನು ಹೊತ್ತು ಹೊಲ ಮನೆ ತಿರುಗಿದ ಕೈಗಳು ಅಂದು ಗಾಜಿನ ಬುಡ್ಡಿ ಹಿಡಿದ ಹಾಗೆ ಹಿಡಿದಿದ್ದವು. ನಾಲಿಗೆಯ ಮೇಲೆ ಉಪ್ಪು ಇಟ್ಟಾಗ ಮಗು ಮುಖ ಹುಳ್ಳಗೆ ಮಾಡಿತು. ಗುರುಗಳು ಲ್ಯಾಟಿನ್ ಭಾಷೆಯಲ್ಲಿ ಹೇಳುತ್ತಾ ತಲೆಯ ಮೇಲೆ ನೀರು ಹೊಯ್ದಾಗ ಕಿಟಾರನೆ ಕಿರುಚಿತು. ಅತ್ತೆಯ ಬಾಯಿಂದ ತಾನಾಗಿ, ಸಣ್ಣಗೆ, "ನೀರೇ," ಎಂದು ಬಂತು. ಗುರುಗಳಿಗೂ ಕೇಳಿಸಿತು. ಹೊಯ್ಯುತ್ತಿದ್ದದ್ದು ನೀರೇ ಆದ್ದರಿಂದ ಯಾರಿಗೂ ತಿದ್ದಲು ಏನೂ ಇರಲಿಲ್ಲ. ಗುರುಗಳ ತುಟಿಯ ಕೊನೆ ಸ್ವಲ್ಪ ಮೇಲೆ ಹೋಯಿತು.

ಹೊರಗೆ ಬಂದ ಮೇಲೆ ಉಪದೇಶಿಯ ಹೆಂಡತಿ ಮಗುವಿನ ಗಲ್ಲ ಮುಟ್ಟಿ, "ಅಜ್ಜಿಗೆ ಅಜ್ಜಿಯೂ ಆಯ್ತು, ತಾಯಿಗೆ ತಾಯಿಯೂ ಆಯ್ತು. ಇನ್ನು ಈ ಕೂಸನ್ನ ಬೈಯೋಕೆ ಯಾರಿಗೆ ಧೈರ್ಯ!" ಎಂದಳು. ಅತ್ತೆ ಮಗುವನ್ನು ಮನೆ ಮುಟ್ಟುವವರೆಗೆ ಯಾರ ಕೈಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ಅದು ಹಸಿವಿಗೆ ಅತ್ತಾಗ ಮಾತ್ರ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟರು.

ಆ ಸಂಜೆ ದೀಪ ಹಚ್ಚಿ ಪಟದ ಮುಂದೆ ಕೂತಾಗ ಅತ್ತೆ ಕನ್ನಡದಲ್ಲೇ ಶುರು ಮಾಡಿದರು. ಚೆಂಬು ನೀರು ಎಂದಿನಂತೆ ಇಟ್ಟಿದ್ದರು. ಕೇಳಿದ್ದಕ್ಕೆ, "ಇರ್ಲಿ ಬುಡು, ಜಾಗ ಖಾಲಿ ಕಾಣ್ತದೆ," ಎಂದರು. ನಾಲಿಗೆ ಎಲ್ಲೂ ಜಾರಬಾರದೆಂದು ಮೆಲುದನಿಯಲ್ಲಿ ಹೇಳುತ್ತಿದ್ದರು. ನಮ್ಮ ಮನೆಯ ಜಪ ಮೊದಲ ಸಲ ಹೊಸಿಲು ದಾಟಲಿಲ್ಲ. ಪಕ್ಕದ ಮನೆಯ ಮಗ್ಗದ ಸದ್ದು ಕೆಲವು ಸಲ ನಿಂತಿತು, ಮತ್ತೆ ಶುರುವಾಯಿತು, ಮತ್ತೆ ನಿಂತಿತು.

ಜಪ ಮುಗಿಸಿ, ಚೆಂಬು ಹಿಡಿದು ಅತ್ತೆ ಹೊರಗೆ ಬಂದರು. ಮಗುವನ್ನು ಎತ್ತಿಕೊಂಡು ನಾನೂ ಹಿಂದೆಯೇ ಬಂದೆ. ಜಗುಲಿಯ ಕೆಳಗೆ ಪಕ್ಕದ ಮನೆಯ ಸೊಸೆ ನಿಂತಿದ್ದಳು. ಮನೆಯೊಳಗೆ ತೆಲುಗು, ನಮ್ಮ ಹತ್ತಿರ ಕನ್ನಡ ಮಾತಾಡುವವಳು. ಅವರ ಮನೆಯವರು ನಮ್ಮಲ್ಲಿ ನೀರು ಕುಡಿಯುತ್ತಿರಲಿಲ್ಲ. ಅವಳ ಸೊಂಟದ ಮೇಲೆ ತುಂಬಿದ ಬಿಂದಿಗೆ. ತಮ್ಮ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಬಿಂದಿಗೆಯನ್ನು ನಮ್ಮ ಗುಡಾಣದೊಳಕ್ಕೆ ಬಗ್ಗಿಸಿದಳು. ದಿನಾ ಮಾಡುವ ಕೆಲಸದಂತೆ, ಒಂದು ಹನಿ ಹೊರಗೆ ಚೆಲ್ಲಲಿಲ್ಲ.

ಅತ್ತೆ ನನ್ನ ಕಡೆ ತಿರುಗಿದರು. "ನೀನಲ್ವಾ ತುಂಬುಸ್ತಿದ್ದುದು?"

"ನೀವು ಅಂದ್ಕೊಂಡಿದ್ದೆ," ಎಂದೆ.

ಪಕ್ಕದ ಮನೆಯವಳಿಗೆ ನಮ್ಮ ಮುಖ ನೋಡುವಷ್ಟು ಪುರಸತ್ತು ಇರಲಿಲ್ಲ. ಖಾಲಿ ಬಿಂದಿಗೆಯನ್ನು ಸೆರಗಿನ ಮರೆಗೆ ಸರಿಸಿಕೊಂಡು, ಮಗುವಿನ ಕಾಲಿನ ಹೆಬ್ಬೆರಳನ್ನು ಒಮ್ಮೆ ಹಿಂಡಿ, ಹೋಗುತ್ತಾ ಹೋಗುತ್ತಾ ಹೇಳಿದಳು. "ಯಾಕಜ್ಜಿ ಇವತ್ತು ನೀರು ನೀರು ಅಂತ ಕೂಗ್ಲೇ ಇಲ್ಲ? ಬಿಂದ್ಗೆ ತುಂಬ್ಸ್ಕಂಡು ಆಗ್ನಿಂದ ಕಿವಿ ಕೊಟ್ಕಂಡ್ ನಿಂತಿವ್ನಿ, ಅಲ್ಲಿ ಲಾಳಿ ಅಂಗೇ ಬಿದ್ದದೆ. ನಾಳಿಂದ ತರ್ಬೇಕೋ ಬ್ಯಾಡ್ವೋ ಒಂದ್ ಮಾತ್ ಏಳ್ಬುಡಿ, ನಮ್ಮತ್ತೆ ಎದ್ದಾಳು."